ಬಿಳಿ ಹೊದಿಕೆಯ ಮರೆಯ ಉಪ್ಪಿಟ್ಟು

ಅರವತ್ತರ ದಶಕದ ಮಾತು. ಜಯನಗರದ ಗೆಳೆಯನೊಬ್ಬನ ಹಳೇ ವ್ಯಾನಿನೊಳಗೆ ಮಂಚ, ಸ್ಟೌವು ಎಲ್ಲ ಜೋಡಿಸಿಕೊಂಡು, ಕರಾವಳಿಯ ಮೂಲೆಯ ಊರೊಂದನ್ನು ನೋಡಿಬರೋಣ ಅಂತ ಹೆಂಡತಿಯನ್ನು ಕರೆದೆ. ಅವಳದು ಒಂದೇ ಷರತ್ತು.

"ಬರ್ತೀನಿ. ಆದ್ರೆ ಅಲ್ಲೂ ನಾನೇ ಒಲೆ ಮುಂದೆ ಕೂರೋದಾದ್ರೆ ಇಲ್ಲೇ ಇರ್ತೀನಿ ಬಿಡಿ."

ಒಪ್ಪಿಕೊಂಡೆ. ಆದರೆ ಗಂಡಸು ಅಡುಗೆ ಮಾಡೋದನ್ನ ಆ ಊರಿನವರು ನೋಡಿಬಿಟ್ಟರೆ ನನ್ನ ಮರ್ಯಾದೆ ಏನಾಗಬೇಕು? ಸಂಜೆ ಸಮುದ್ರದ ದಡದಲ್ಲಿ ವ್ಯಾನು ನಿಲ್ಲಿಸಿ, ಅದರ ಪಕ್ಕಕ್ಕೊಂದು ಬಿಳಿ ಹೊದಿಕೆ ಇಳಿಬಿಟ್ಟು ಮರೆ ಮಾಡಿದೆ. ಬೆನ್ನ ಹಿಂದೆ ಲಾಟೀನು ಇಟ್ಟುಕೊಂಡು ನಿಶ್ಚಿಂತೆಯಿಂದ ಉಪ್ಪಿಟ್ಟಿಗೆ ಕೈಹಾಕಿದೆ.

ರವೆ ತಿರುವುವಾಗ ಹೊರಗೆ ನಗು ಕೇಳಿಸಿತು. ಇಣುಕಿದರೆ, ಊರಿಗೆ ಊರೇ ಚಾಪೆ ಹಾಸಿಕೊಂಡು, ಸಮುದ್ರಕ್ಕೆ ಬೆನ್ನು ಹಾಕಿ, ಹೊದಿಕೆಯ ಮೇಲೆ ಬಿದ್ದ ನನ್ನ ನೆರಳನ್ನು ನೋಡುತ್ತಾ ಕೂತಿದೆ. ಊರೂರಿಗೆ ಬಂದು ಪರದೆ ಕಟ್ಟಿ ಸಿನಿಮಾ ತೋರಿಸುವ ಸರ್ಕಾರದ ವ್ಯಾನು ಬಂತು ಅಂದುಕೊಂಡಿದ್ದರಂತೆ. ಮೊದಲ ಸಾಲಿನಲ್ಲಿ ನನ್ನ ಹೆಂಡತಿ.

"ನನಗೊಂದು ಮಾತು ಹೇಳೋದಲ್ವೇನೇ?" ಅಂದೆ.

"ಸುಮ್ನೆ ಒಳಗೆ ಹೋಗ್ರೀ, ಸಿನಿಮಾ ಚೆನ್ನಾಗಿ ಓಡ್ತಿತ್ತು," ಅಂದಳು.

ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಮಾತ್ರ ಗಂಭೀರವಾಗಿ ನನ್ನ ಕಡೆ ತಿರುಗಿದರು. "ತಮ್ಮಾ, ನೀ ಉಪ್ಪೇ ಹಾಕ್ಲಿಲ್ವಲ್ಲ."

ಹೋಗಿ ರುಚಿ ನೋಡಿದೆ. ಹಾಕಿರಲಿಲ್ಲ.

ನಿವೃತ್ತನಾದ ಮೇಲೆ ಮನೆಯಲ್ಲೂ ಅಡುಗೆ ನನ್ನದೇ. ರಸ್ತೆಯಲ್ಲಿ ಹೋಗುವವರಿಗೆಲ್ಲ ಒಲೆ ಕಾಣುತ್ತೆ, ಒಬ್ಬರೂ ತಿರುಗಿ ನೋಡೋದಿಲ್ಲ. ಕಿಟಕಿಗೆ ಪರದೆ ಹಾಕಿಸಿಲ್ಲವಲ್ಲ, ಅದಕ್ಕೆ.