ಬಯೋಡಾಟಾದ ಕೊನೆಯ ಸಾಲು

ಡಿಗ್ರಿ ಮುಗಿಯಬೇಕಾದರೆ ಎಲ್ಲಾದರೂ ಇಂಟರ್ನ್‌ಶಿಪ್ ಮಾಡಿ ಸರ್ಟಿಫಿಕೇಟ್ ತರಲೇಬೇಕು ಎಂದು ನಮ್ಮ ಕಾಲೇಜು ಹೇಳಿತ್ತು. ಹೇಳಿದ್ದಷ್ಟೇ. ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಮೇಷ್ಟ್ರುಗಳು ಸೂರು ನೋಡುತ್ತಿದ್ದರು. ಜೊತೆಯವರಿಗೆಲ್ಲ ಮಾವಂದಿರಿದ್ದರು, ಮಾವಂದಿರಿಗೆ ಆಫೀಸುಗಳಿದ್ದವು. ನನಗಿದ್ದದ್ದು ದೆಹಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸು, ಮತ್ತು ಫೈಲು ಬಿಟ್ಟರೆ ಬೇರೆ ಯಾರ ಪರಿಚಯವೂ ಇಲ್ಲದ ಅಪ್ಪ.

ಗ್ರೇಟರ್ ನೋಯ್ಡಾದ ಕಾಲೇಜಿಗೆ ಹೋಗುತ್ತ ಬರುತ್ತ ಫೋನಿನಲ್ಲೇ ಅರ್ಜಿ ತುಂಬುತ್ತಿದ್ದೆ. ಉತ್ತರವೇ ಇಲ್ಲ! ಮನೆಯಲ್ಲಿ ಕೂತರೂ ಕಾಲು ಸುಮ್ಮನಿರುತ್ತಿರಲಿಲ್ಲ. "ಕಾಲು ಅಲ್ಲಾಡಿಸ್ಬೇಡ್ವೇ, ದರಿದ್ರ ಬರುತ್ತೆ" ಎಂದು ಅಮ್ಮ ಬೈಯುವಳು. "ಬಂದಾಗಿದೆ ಅಮ್ಮಾ, ಇನ್ನೇನು ಬರ್ಬೇಕು?" ಎಂದು ರೇಗುತ್ತಿದ್ದೆ. ಕೊನೆಗೆ ಬಯೋಡಾಟಾ ತೀರಾ ಬೋಳಾಗಿ ಕಾಣುತ್ತದೆಂದು ಕೆಳಗೊಂದು ಸಾಲು ಸೇರಿಸಿದೆ: ಮಾತೃಭಾಷೆ, ಕನ್ನಡ.

ಆ ಸಾಲಿಗೇ ಕೆಲಸ ಸಿಕ್ಕಿತು. ನೋಯ್ಡಾದ ಒಂದು ಸಣ್ಣ ಸಂಸ್ಥೆ ಬಾಣಂತಿಯರನ್ನು ಫೋನಿನಲ್ಲಿ ಮಾತಾಡಿಸಿ ರೆಕಾರ್ಡ್ ಮಾಡಿಕೊಂಡಿತ್ತು. ಕನ್ನಡದ ರೆಕಾರ್ಡಿಂಗುಗಳನ್ನು ಕೇಳಿ ಇಂಗ್ಲಿಷಿನಲ್ಲಿ ಫಾರಂ ತುಂಬುವುದು ನನ್ನ ಪಾಲಿಗೆ ಬಂತು. ಒಂದು ಪ್ರಶ್ನೆ ಮುಖ್ಯ: ಮನೆಯಲ್ಲಿ ಆಸರೆ ಇದೆಯೇ? ಇಲ್ಲ ಎಂದವರ ಮನೆಗೆ ನರ್ಸ್ ಹೋಗಿ ತಾಯಿ ಮಗುವನ್ನು ನೋಡಿಕೊಂಡು ಬರುತ್ತಿದ್ದಳು. ಇದೆ ಎಂದವರ ಮನೆಗೆ ಯಾರೂ ಹೋಗುತ್ತಿರಲಿಲ್ಲ.

ನಾನು ದೆಹಲಿಯಲ್ಲೇ ಹುಟ್ಟಿ ಬೆಳೆದವಳು. ಅಮ್ಮನ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಅರ್ಧದಲ್ಲೇ ಹಿಂದಿಗೆ ಜಾರುತ್ತಿತ್ತು. ಆದರೂ ಇಯರ್‌ಫೋನ್ ಹಾಕಿಕೊಂಡು ಕೆಲಸವನ್ನು ಕುದುರೆಯಂತೆ ಓಡಿಸಿದೆ. ಮಂಡ್ಯದ ಕಡೆಯ ಒಬ್ಬಾಕೆಯ ದನಿ ಮಾತ್ರ ನನಗೆ ಬಹಳ ಹಿಡಿಸಿತ್ತು. "ಹೆರಿಗೆ ಹೊತ್ಗೆ ಗಂಡ ಕೈ ಕೊಟ್ಟ ಕಣವ್ವ" ಎಂದು ಹೇಳಿ ಸಣ್ಣಗೆ ನಕ್ಕಿದ್ದಳು. ಎಷ್ಟು ಒಳ್ಳೇ ಗಂಡ ಎಂದುಕೊಂಡೆ. ಆಸರೆ: ಇದೆ.

ಎಲ್ಲ ಫಾರಂ ಕಳಿಸಿಯಾಯಿತು. ಸೋಮವಾರ ನರ್ಸುಗಳು ಹೋಗಬೇಕಾದ ಮನೆಗಳ ಪಟ್ಟಿ ಹೊರಡುವುದು, ಅವತ್ತೇ ನನಗೆ ಸರ್ಟಿಫಿಕೇಟು. ಭಾನುವಾರ ಬೆಳಿಗ್ಗೆ ಅಮ್ಮ ದೋಸೆಗೆ ಚಟ್ನಿ ರುಬ್ಬುತ್ತಿದ್ದಳು. ಮಿಕ್ಸಿ ಗುರ್ ಎಂದು ನಿಂತೇಹೋಯಿತು.

"ಥೂ, ಸರಿಯಾದ ಹೊತ್ತಿಗೇ ಕೈ ಕೊಡ್ತು ನೋಡು!"

"ಮಿಕ್ಸಿಗೆ ಕೈ ಎಲ್ಲಿದೆ ಅಮ್ಮಾ?" ಎಂದು ನಕ್ಕೆ.

"ನಗ್ಬೇಡ, ನಂಗೆ ಮೊದ್ಲೇ ತಲೆ ಕೆಟ್ಟಿದೆ. ಕೈ ಕೊಡ್ತು ಅಂದ್ರೆ ಕೆಟ್ಟು ಕೂತ್ಕೊಳ್ತು ಅಂತ."

ನನ್ನ ನಗು ಅಲ್ಲೇ ನಿಂತಿತು. "ಮತ್ತೆ, ಗಂಡ ಕೈ ಕೊಟ್ಟ ಅಂದ್ರೆ?"

"ನಡುನೀರಲ್ಲಿ ಬಿಟ್ಟು ಹೋದ ಅಂತ. ಸಹಾಯ ಮಾಡಿದ್ರೆ ಕೈ ಜೋಡಿಸಿದ ಅಂತಾರೆ. ಯಾಕೇ, ಯಾರ ಗಂಡ?"

ದೋಸೆ ಬೇಡವೆಂದು ಎದ್ದೆ. ನನ್ನ ತಲೆಯೊಳಗೆ ಹಿಂದಿ ಕೂತಿತ್ತು. ಕೈ ಅಂದರೆ ನೆರವು, ಕೊಟ್ಟ ಅಂದರೆ ಕೊಟ್ಟ. ಇಡೀ ದಿನ ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ತಿರುಗಿದೆ. ಬಾಯಿ ಮುಚ್ಚಿಕೊಂಡಿದ್ದರೆ ಸರ್ಟಿಫಿಕೇಟು ಕೈಗೆ ಬರುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆ ಮನೆಗೆ ಮಾತ್ರ ಯಾರೂ ಹೋಗುತ್ತಿರಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಸೋಮವಾರ ಮೆಟ್ರೊದಲ್ಲಿ ಸೀಟು ಸಿಕ್ಕರೂ ಕೂರಲಾಗಲಿಲ್ಲ. ಆಫೀಸಿಗೆ ಹೋದವಳೇ ಸಂಸ್ಥೆ ನಡೆಸುತ್ತಿದ್ದ ಮೇಡಂ ಮುಂದೆ ನಿಂತು ಎಲ್ಲ ಒದರಿಬಿಟ್ಟೆ. ಅವರು ಲಕ್ನೋದವರು, ಎಂದೂ ದನಿ ಏರಿಸಿದವರಲ್ಲ. ನನ್ನ ಬಯೋಡಾಟಾ ತೆಗೆದು ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ಅಚ್ಛಾ. ಇದನ್ನು ನೀನೇ ಬರೆದದ್ದು ತಾನೆ?" ಎಂದು ಹಿಂದಿಯಲ್ಲಿ ಕೇಳಿದರು. ನೆಲ ಬಾಯಿಬಿಟ್ಟು ನುಂಗಬಾರದೆ ಅನ್ನಿಸಿತು. ಸಹಿಯಾಗಿದ್ದ ಸರ್ಟಿಫಿಕೇಟನ್ನು ಡ್ರಾಯರಿನೊಳಗೆ ಹಾಕಿದರು. ಎಲ್ಲ ರೆಕಾರ್ಡಿಂಗನ್ನೂ ಮತ್ತೆ ಕೇಳಿ ಮುಗಿಸಿದ ಮೇಲೆ ಅದರ ಮಾತು ಎಂದರು. ಆಮೇಲೆ ಫೋನನ್ನು ನನ್ನತ್ತ ತಳ್ಳಿದರು. "ಚಲೋ, ಮೊದಲು ಆಕೆಯನ್ನು ಕೇಳು. ಪಟ್ಟಿ ಸಂಜೆಗೆ ಹೊರಡುತ್ತೆ."

ಮಂಡ್ಯದಾಕೆ ಎರಡನೇ ಸಲಕ್ಕೆ ಫೋನ್ ಎತ್ತಿದಳು. ಹಿಂದೆ ಮಗು ಅಳುತ್ತಿತ್ತು.

"ಅಮ್ಮಾ, ನಿಮ್ಮ ಯಜಮಾನ್ರು ಕೈ ಕೊಟ್ರು ಅಂದಿದ್ರಲ್ಲ, ಅಂದ್ರೆ ಈಗ ಮನೇಲಿ ಯಾರೂ..."

"ಯಾರೂ ಇಲ್ಲ ಕಣವ್ವ. ಅವತ್ತೇ ಯೋಳಿದ್ನಲ್ಲ?"

"ಹೇಳಿದ್ರಿ. ನಂಗೆ ಅರ್ಥ ಆಗ್ಲಿಲ್ಲ."

ಆ ಕಡೆಯಿಂದ ಅದೇ ಸಣ್ಣ ನಗು ಕೇಳಿಸಿತು. ಅದು ಸುಖದ ನಗುವಲ್ಲ ಎಂದು ಈಗ ತಿಳಿಯಿತು.

"ಯಾಕವ್ವ, ನೀನು ಕನ್ನಡದೋಳಲ್ವಾ?"

ಬಯೋಡಾಟಾದಲ್ಲಿ ಎರಡು ಕ್ಷಣದಲ್ಲಿ ಟೈಪ್ ಮಾಡಿದ್ದ ಉತ್ತರ ಬಾಯಿಗೆ ಬರಲಿಲ್ಲ.

"ಕಲೀತಿದ್ದೀನಿ ಅಮ್ಮಾ."

"ಹಂಗಾರೆ ತಡಿ, ಮಗೀನ ಎತ್ಕತೀನಿ," ಎಂದಳು. ಅಳು ನಿಂತಿತು. "ಹ್ಞೂಂ, ಈಗ ಬರ್ಕೊ. ಮೊದ್ಲಿಂದ ಯೋಳ್ತೀನಿ."