ಗುಡ್ಡ ಗುಡಿಸಿದವರು

ಶಿವಮೊಗ್ಗದಿಂದ ಭದ್ರಾವತಿಯ ತಂಗಿಯ ಮನೆಗೆ ಹೋದವಳು ತಾರಸಿಯಲ್ಲಿ ಅವಳ ಜೊತೆ ಸಂಡಿಗೆ ಇಡುತ್ತಿದ್ದೆ. ಹೊಳೆಹೊನ್ನೂರು ಕಡೆಯ ಗುಡ್ಡಕ್ಕೆ ಬೆಂಕಿ ಬಿದ್ದಿದೆ ಎಂದು ಫೋನ್ ಬಂತು. ತಂಗಿಯ ಸೊಸೆ ಸವಿತಾ ಅಲ್ಲಿನ ಕಾಡು ಕಾಯುವ ಟ್ರಸ್ಟಿನಲ್ಲಿ ಕೆಲಸಕ್ಕಿದ್ದಾಳೆ. ಹಿಟ್ಟಿನ ಕೈ ತೊಳೆದು, ಸೊಸೆಯನ್ನೂ ಕಾಡನ್ನೂ ಉಳಿಸಪ್ಪಾ ಎಂದು ಬೇಡುತ್ತಾ ಆಟೋ ಹತ್ತಿದೆವು.

ನಾವು ಹೋಗುವಷ್ಟರಲ್ಲಿ ಬೆಂಕಿ ನಿಂತಿತ್ತು. ಟ್ರಸ್ಟಿನ ಹೆಂಗಸರು ಬೇಸಿಗೆಗೆ ಮುಂಚೆಯೇ ಕಾಡಿನ ಸುತ್ತ ಒಣ ಹುಲ್ಲು ಸವರಿ, ತರಗೆಲೆ ಗುಡಿಸಿ, ರಸ್ತೆಯಷ್ಟು ಅಗಲ ಬರಿ ನೆಲ ಮಾಡಿಟ್ಟಿದ್ದರು. ಅದನ್ನು ದಾಟಲು ಬೆಂಕಿಗೆ ಆಗಿರಲಿಲ್ಲ. ಒಂದು ಕಡೆ ಮಾತ್ರ ಆ ಪಟ್ಟಿ ಹೊರಕ್ಕೆ ಸೊಟ್ಟಗೆ ಹೊರಳಿತ್ತು.

"ಇಲ್ಯಾಕೆ ಹಿಂಗೆ?" ಎಂದೆ.

"ನಾಗಪ್ಪನ ಹುತ್ತ ಇದೆಯಲ್ಲ ದೊಡ್ಡಮ್ಮ. ನೇರ ಹೋದ್ರೆ ಅದು ಬೆಂಕಿ ಕಡೆಗೆ ಉಳೀತಿತ್ತು. ನಾವು ಒಪ್ಲಿಲ್ಲ. ಟ್ರಸ್ಟಿನ ಸಾಹೇಬ್ರು ಗೊಣಗ್ಕೊಂಡೇ ಸುತ್ತು ಹಾಕ್ಸಿದ್ರು," ಮಸಿ ಮೆತ್ತಿದ ಮುಖದಲ್ಲೇ ಸವಿತಾ ನಕ್ಕಳು.

"ಕಾಡಿಗೂ ಕಸ ಹೊಡೀತೀಯಾ ಅಂತ ನಗ್ತಿದ್ದೆ ಮಾರಾಯ್ತಿ," ಎಂದಳು ತಂಗಿ. "ಇನ್ನು ನಗಲ್ಲ."

ಹುತ್ತದ ಮೇಲಿನ ಅರಿಶಿನ ಹಾಗೇ ಇತ್ತು. ಕೈ ಮುಗಿದೆ, ಪಕ್ಕಕ್ಕೆ ಒರಗಿಸಿದ್ದ ಪೊರಕೆಗಳಿಗೂ ಸೇರಿಸಿಯೇ.

ಮನೆಗೆ ಬಂದರೆ ಸಂಡಿಗೆಗೆ ಕಾಗೆಯೂ ಬಾಯಿ ಹಾಕಿರಲಿಲ್ಲ. ಉಳಿದ ಹಿಟ್ಟು ಗಟ್ಟಿಯಾಗಿತ್ತು. ಬಿಸಿನೀರು ಬೆರೆಸಿ, ಬಿಟ್ಟ ಸಾಲಿನಿಂದಲೇ ಮತ್ತೆ ಇಡತೊಡಗಿದೆ.