ಜೋಳದ ಹೊಲದಲ್ಲಿ ಜಪಾನಿನ ಹುಡುಗಿ

ನಾನು ಗಡಿಯಾಚೆಯ ನಿಲಂಗಾದ ಒಂದು ಮರಾಠಿ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಎಂದೂ ನಗದ ಮಾಸ್ತರಣಿ ಎಂದೇ ಮಕ್ಕಳಲ್ಲಿ ನನ್ನ ಖ್ಯಾತಿ. ಅಂಥವಳು ನಲವತ್ತು ದಾಟಿದ ಮೇಲೆ ಜಪಾನಿನ ಒಂದು ಹಾಡಿನ ಆಲ್ಬಮ್ಮಿಗೆ ಮರುಳಾದೆ ಎಂದರೆ ನನ್ನ ಹಳೆಯ ವಿದ್ಯಾರ್ಥಿಗಳು ಯಾರೂ ನಂಬಲಿಕ್ಕಿಲ್ಲ.

ಒಂದು ಭಾನುವಾರ ರೊಟ್ಟಿ ಬಡಿಯುತ್ತಿದ್ದೆ. ಫೋನಿನಲ್ಲಿ ಹಾಕಿದ್ದ ಭಜನೆ ಮುಗಿದು, ಫೋನು ತನ್ನಷ್ಟಕ್ಕೆ ತಾನೇ ಇನ್ನೇನನ್ನೋ ಹಾಡಿಸತೊಡಗಿತು. ಕೈಗೆಲ್ಲ ಹಿಟ್ಟು, ನಿಲ್ಲಿಸುವಂತಿರಲಿಲ್ಲ. ಮೊದಲು ಟಿಕ್ ಟಿಕ್ ಸದ್ದು, ಆಮೇಲೆ ನಲ್ಲಿ ಸೋರಿದ ಹಾಗೆ, ಆಮೇಲೆ ಒಬ್ಬ ಹುಡುಗಿಯ ದನಿ. ಆ ದನಿಯನ್ನು ಯಾರೋ ಕಂಪ್ಯೂಟರಿನಲ್ಲಿ ಸೌತೆಕಾಯಿಯ ಹಾಗೆ ಸಣ್ಣಗೆ ಹೆಚ್ಚಿ, ಹಿಂದುಮುಂದಾಗಿ ಜೋಡಿಸಿದ್ದರು. ತಾಳ ಸಿಕ್ಕಿತು ಅನ್ನುವಷ್ಟರಲ್ಲಿ ತಪ್ಪುತ್ತಿತ್ತು, ತಪ್ಪಿತು ಅನ್ನುವಷ್ಟರಲ್ಲಿ ಬಂದು ಕೂಡುತ್ತಿತ್ತು. ಒಟ್ಟು ಒಂಬತ್ತು ಹಾಡು. ಮುಗಿಯುವ ಹೊತ್ತಿಗೆ ಎರಡು ರೊಟ್ಟಿ ಕರಕಾಗಿದ್ದವು, ನನಗೆ ಮಾತ್ರ ವಿಪರೀತ ಸಂತೋಷವಾಗಿತ್ತು.

ಸಂತೋಷ ಒಬ್ಬರೇ ಪಟ್ಟರೆ ಜೀರ್ಣವಾಗುವುದಿಲ್ಲ. ಯಾರಾದರೂ ಒಬ್ಬರು, ಒಬ್ಬರೇ ಒಬ್ಬರು, ಒಂಬತ್ತೂ ಹಾಡನ್ನು ಕೂತು ಕೇಳಬೇಕು ಎಂಬ ಹಟ ಹತ್ತಿತು. ಗಂಡನ ಮುಂದೆ ಹಾಕಿದೆ. "ಇನ್ವರ್ಟರ್ ಕೂಗ್ಲಾಕತ್ತದ ನೋಡು," ಎನ್ನುತ್ತ ಎದ್ದು ಹೋಗಿ, ಅದರ ಬ್ಯಾಟರಿಗೆ ನೀರು ತುಂಬಿ ಬಂದರು. ಶಾಲೆಯ ಸ್ಟಾಫ್ ರೂಮಿನಲ್ಲಿ ಹಾಕಿದೆ. "ಮೊಬೈಲ್ ಪಾಣ್ಯಾತ್ ಪಡ್ಲಾ ಕಾ, ಬಾಯಿ?" ಎಂದು ಜತೆಯ ಶಿಕ್ಷಕಿ ಮರಾಠಿಯಲ್ಲಿ ಮರುಗಿ, ನೀರಿಗೆ ಬಿದ್ದ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹುಗಿದಿಡಿ ಎಂಬ ಸಲಹೆಯನ್ನೂ ಕೊಟ್ಟರು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಉಳಿದವಳು ನನ್ನ ಸೋದರತ್ತೆ, ಅಪ್ಪನ ಅಕ್ಕ. ಉಮರ್ಗಾದ ಹತ್ತಿರ ಗುಂಜೋಟಿಯಲ್ಲಿ ಅವಳ ಹೊಲ, ಮನೆ. ಸೋಮವಾರದ ಭಜನೆಯಲ್ಲಿ ಅತ್ತೆಯದೇ ಮುಂದಾಳತನ. ಹಾರ್ಮೋನಿಯಂ ನುಡಿಸುವವರು ಅವಳ ಹುಬ್ಬು ನೋಡಿಯೇ ಬೆವರುತ್ತಾರೆ. ಅವಳೊಬ್ಬಳು ಕೇಳಿದರೆ ಉಳಿದ ಜಗತ್ತು ಕಿವಿ ಮುಚ್ಚಿಕೊಂಡರೂ ನಡೆಯುತ್ತದೆ ಅನ್ನಿಸಿತು. ರಜೆಯ ದಿನ ಬಸ್ಸು ಹತ್ತಿ ಹೋದೆ.

ಎರಡನೆಯ ಹಾಡಿಗೇ ಅತ್ತೆ ಕೈ ಎತ್ತಿದಳು.

"ಸಾಕು ಮಾಡು, ಯವ್ವಾ. ಆ ಪೋರಿಗಿ ಯಾರೋ ಚಿವುಟ್ಲಾಕತ್ತಾರ."

ನನಗೆ ಮೈಯೆಲ್ಲ ಉರಿಯಿತು. ದಾರಿಯುದ್ದಕ್ಕೂ ಬಸ್ಸಿನಲ್ಲಿ ನಿಂತುಕೊಂಡು ಬಂದದ್ದು ಈ ಮಾತು ಕೇಳುವುದಕ್ಕೇ?

ಅದು ಜೋಳಕ್ಕೆ ಹಾಲು ತುಂಬುವ ಸಮಯ. ಹಕ್ಕಿಗಳು ಹಿಂಡುಗಟ್ಟಿ ಇಳಿಯುತ್ತವೆ. ಮಾವ, ಅಂದರೆ ಅತ್ತೆಯ ಗಂಡ, ಸಂತೆಯಿಂದ ಒಂದು ಭೋಂಗಾ, ದನಿ ತುಂಬಿಸಿಟ್ಟರೆ ತಾನೇ ಕೂಗುವ ಸ್ಪೀಕರು, ತಂದಿದ್ದರು. ತಮ್ಮದೇ ದನಿಯಲ್ಲಿ "ಹೋಯ್! ಹೋಯ್!" ಎಂದು ಕೂಗಿ ಅದರೊಳಗೆ ತುಂಬಿ, ಹೊಲದ ನಡುವೆ ಗೂಟಕ್ಕೆ ಕಟ್ಟಿದ್ದರು. ಮೂರು ದಿನ ಹಕ್ಕಿಗಳು ಅಂಜಿದವು. ನಾಲ್ಕನೆಯ ದಿನ ಆ ಭೋಂಗಾದ ಮೇಲೆಯೇ ಕೂತು ರೆಕ್ಕೆ ಕೆದರಿಕೊಳ್ಳತೊಡಗಿದವು.

"ನಲವತ್ತು ವರ್ಷ ಸಂಸಾರ ಮಾಡಿದ ನಾನೇ ಈ ದನಿಗಿ ಅಂಜಿಲ್ಲ, ಹಕ್ಕಿ ಅಂಜ್ತಾವೇನ?" ಎಂದಳು ಅತ್ತೆ. ಆಮೇಲೆ ನನ್ನ ಫೋನಿನ ಕಡೆ ನೋಡಿದಳು. "ಆ ಚಿವುಟಿಸ್ಕೊಳ್ಳೋ ಪೋರಿದು ಅದರಾಗ ಹಾಕು. ಮುಂದ ಏನ್ ಬರ್ತದಂತ ನನಗೇ ತಿಳಿಲಿಲ್ಲ, ಹಕ್ಕಿಗಿ ಏನ್ ತಿಳಿತದ?"

ಆಗುವುದಿಲ್ಲ ಎಂದೆ. ಅದು ಕಲೆ, ಬೆದರುಬೊಂಬೆ ಅಲ್ಲ ಎಂದೆ. ಮಾವ ಬಹಳ ವಿನಯದಿಂದ ಭೋಂಗಾದ ಮೆಮೊರಿ ಕಾರ್ಡನ್ನು ನನ್ನ ಅಂಗೈಯಲ್ಲಿಟ್ಟರು. ಹಿರಿಯರ ಮಾತು ಮೀರುವುದು ಹೇಗೆ? ತುಂಬಿಸಿಕೊಟ್ಟೆ.

ಮೊದಲನೆಯ ಹಾಡಿಗೆ ಇಡೀ ಹೊಲದ ಹಕ್ಕಿ ಒಟ್ಟಿಗೆ ಎದ್ದಿತು. ಮೂರನೆಯ ಹಾಡಿನ ನಡುವೆ ಒಂದು ನಿಮಿಷ ಬರೀ ಮೌನವಿದೆ. ಅದನ್ನು ನಂಬಿ ಹಕ್ಕಿಗಳು ಮೆಲ್ಲಗೆ ಇಳಿದು ತೆನೆಗೆ ಬಾಯಿ ಹಾಕಿದವು. ಅಷ್ಟರಲ್ಲಿ ಆ ಹುಡುಗಿ ಚೂರುಚೂರಾಗಿ ಚೀರಿದಳು. ಹಿಂಡು ಉಮರ್ಗಾದ ದಿಕ್ಕಿಗೆ ಓಡಿದ್ದು ತಿರುಗಿ ನೋಡಲಿಲ್ಲ.

"ಜಪಾನದವರು ಭಾರಿ ಬೆರಕಿ ಇದ್ದಾರ!" ಮಾವ ಚಪ್ಪಾಳೆ ತಟ್ಟಿದರು.

ಪಕ್ಕದ ಹೊಲದವರು ಬಂದು ಕಾರ್ಡು ಕೇಳಿದರು, ಅವರಿಂದ ಆಚೆ ಹೊಲದವರು. ಸಂಜೆ ನಾನು ಊರು ಬಿಡುವಾಗ ರಸ್ತೆಯ ಎರಡೂ ಬದಿಗೆ ನನ್ನ ಪ್ರೀತಿಯ ಹುಡುಗಿ ಒದರುತ್ತಿದ್ದಳು. ಕಿವಿಗೆ ಬಿದ್ದದ್ದು ನೂರಾರು ಹಕ್ಕಿಗೆ, ಕೂತು ಕೇಳಿದವರು ಒಬ್ಬರೂ ಇಲ್ಲ. ಬಸ್ಸಿನಲ್ಲಿ ನನಗೆ ನಿಜವಾಗಿ ಅಳು ಬಂತು.

ಹದಿನೈದು ದಿನದ ಮೇಲೆ ಸೀತನಿ ತಿನ್ನಲು ಕರೆ ಬಂತು. ಸಿಟ್ಟು ಸಿಟ್ಟಿನ ಜಾಗದಲ್ಲಿ, ಸುಟ್ಟ ಎಳೆ ಜೋಳ ಜೋಳದ ಜಾಗದಲ್ಲಿ; ಹೋದೆ. ನೋಡಿದರೆ ಹಕ್ಕಿಗಳು ಊಟದ ಪಂಕ್ತಿಗೆ ಕೂತಂತೆ ತೆನೆಯ ಮೇಲೆ ಕೂತಿವೆ. ಭೋಂಗಾದಲ್ಲಿ ಐದನೆಯ ಹಾಡು ನಡೆದಿದೆ. ಜೋಳ ಕಾಯುವ ಮಂಚಿಕೆಯ ಮೇಲೆ ಅತ್ತೆ, ತೊಡೆಯ ಮೇಲೆ ಕವಣೆ. ಇದಿನ್ನೇಕೆ ಎಂದು ನಾನು ಭೋಂಗಾ ನಿಲ್ಲಿಸಲು ಕೈ ಚಾಚಿದೆ.

"ಏ, ಕೈ ಹಚ್ಚಬ್ಯಾಡ! ಆಕಿ ಇನ್ನಾ ಹಾಡ್ಲಾಕತ್ತಾಳ!"

ನಾನು ಮಾವನ ಮುಖ ನೋಡಿದೆ. "ಹಕ್ಕಿ ಅಂಜಾದು ಬಿಟ್ಟು ಎಂಟು ದಿನ ಆಯ್ತು," ಎಂದರು ಅವರು ತಗ್ಗಿದ ದನಿಯಲ್ಲಿ. "ಬ್ಯಾರೆ ಏನಾರ ಹಾಕ್ತೀನಂದ್ರ ಕವಣಿ ನನ್ನ ಕಡೀ ತಿರುಗಸ್ತಾಳ. ಹಾಡೂ ಬಂದ್ ಮಾಡಂಗಿಲ್ಲ, ಹಕ್ಕೀನೂ ಆಕೀನೇ ಹೊಡಿತಾಳ."

ಹಾಡು ಮುಗಿದ ಮೇಲೆ ಅತ್ತೆ ಕೆಳಗಿಳಿದಳು. ಸೀತನಿ ತಿಕ್ಕಿಕೊಡುತ್ತ ಒಂದೊಂದೇ ಹೇಳತೊಡಗಿದಳು. ನಾಲ್ಕನೆಯ ಹಾಡು ಏರುವುದು ನಿಧಾನ. ಏಳನೆಯದರಲ್ಲಿ ಟಿಕ್ ಟಿಕ್ ಅನ್ನುವವನಿಗೆ ಸೊಕ್ಕು ಜಾಸ್ತಿ, ಹುಡುಗಿಯನ್ನು ಹಾಡಗೊಡುವುದಿಲ್ಲ. ಒಂಬತ್ತನೆಯದು ಮಾತ್ರ ಮಂಗಳಾರತಿಯ ಹೊತ್ತಿಗೆ ಕೂಡುವಂಥದ್ದು.

ಒಂಬತ್ತೂ ಕೇಳಿದ್ದಳು. ಖುಷಿಗೆ ಇನ್ನೊಂದು ಹಿಡಿ ಜೋಳ ಬಾಯಿಗೆ ಹಾಕಿಕೊಂಡೆ.

"ಆದರ ಐದನೇದ್ರಾಗ ಆಕಿಗಿ ಉಸುರು ಸಾಲವಲ್ದು," ಎಂದಳು ಅತ್ತೆ. "ಖಾಲಿ ಹೊಟ್ಟಿ ಅದು. ನನಗ ಗೊತ್ತಾಗ್ತದ. ಆಕಿಗಿ ಹೇಳಾಕ ಬರ್ತದೇನ?"

ಆಲ್ಬಮ್ಮಿನ ಕೆಳಗೆ ಕೇಳಿದವರು ಅಭಿಪ್ರಾಯ ಬರೆಯುವ ಜಾಗ ಇರುತ್ತದೆ ಎಂದೆ. ಬರೆ ಅಂದಳು. ನಾನು ಕನ್ನಡದಲ್ಲಿ ಶುರು ಮಾಡಿದ್ದೆ, ಅತ್ತೆ ತಡೆದಳು. ಅವಳು ಶಾಲೆ ಕಲಿತದ್ದು ಮರಾಠಿಯಲ್ಲಿ. ಅವಳು ವಹಿಯಲ್ಲಿ ಬರೆದಿಟ್ಟುಕೊಂಡ ಕನ್ನಡ ಭಜನೆಗಳೂ ಆ ಲಿಪಿಯಲ್ಲೇ ಇವೆ.

"ಮರಾಠಿ ಅಕ್ಷರದಾಗ ಬರಿ. ಜಪಾನದವರಿಗಿ ಕನ್ನಡ ಎಲ್ಲಿ ಓದ್ಲಾಕ ಬರ್ತದ?"

ಅವಳು ಹೇಳಿದಂತೆಯೇ ಬರೆದೆ: "ತಂಗೀ, ಛಲೋ ಹಾಡ್ತಿ. ಐದನೇ ಹಾಡಿನಾಗ ಉಸುರು ಸಾಲವಲ್ದು. ಎರಡು ರೊಟ್ಟಿ ಉಂಡು ಹಾಡು. ಗುಂಜೋಟಿ ಅತ್ತಿ." ಜಪಾನಿನ ಚಿತ್ರದಂಥ ಅಕ್ಷರಗಳ ನಡುವೆ ಅದು ಹೋಗಿ ಕೂತಿತು.

ಜೋಳದ ರಾಶಿಯಾಗಿ ತಿಂಗಳುಗಳೇ ಕಳೆದವು. ಯಾರೂ ಉತ್ತರ ಬರೆದಿಲ್ಲ. ಪ್ರತಿ ಸೋಮವಾರ ಭಜನೆಗೆ ಹೋಗುವ ಮುಂಚೆ ಅತ್ತೆ ಫೋನು ಮಾಡುತ್ತಾಳೆ. ನನ್ನ ಆರೋಗ್ಯ ಕೇಳುವುದಿಲ್ಲ, ಶಾಲೆಯ ಸುದ್ದಿ ಕೇಳುವುದಿಲ್ಲ.

"ಆಕಿ ಉಂಡಾಳಂತೇನ?" ಎಂದು ಕೇಳುತ್ತಾಳೆ.